ಯಾದಗಿರಿ | ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗೆ ವೈರಸ್ಸೇ ಮದ್ದು: ಫೇಜ್ ಚಿಕಿತ್ಸೆ ಬರೋಕೆ ಮುಂಚೆ ಲ್ಯಾಬ್ ಬರಬೇಕು

ಎರಡು ಸಲ ಗುಳಿಗೆ ಬದಲಾಯಿಸಿದ್ದಾಯ್ತು, ಸಲೈನ್ ಏರಿಸಿದ್ದಾಯ್ತು, ದುಬಾರಿ ಇಂಜೆಕ್ಷನ್ನೂ ಆಯ್ತು. ಗಾಯದ ಕೀವು ಮಾತ್ರ ನಿಲ್ಲುತ್ತಿಲ್ಲ. ಶಹಾಪುರ, ಸುರಪುರ ಕಡೆಯಿಂದ ಕಲಬುರಗಿ, ರಾಯಚೂರು, ಹೈದರಾಬಾದ್, ಸೊಲ್ಲಾಪುರದ ದೊಡ್ಡ ಆಸ್ಪತ್ರೆಗಳಿಗೆ ರೋಗಿಯನ್ನು ಹೊತ್ತೊಯ್ಯುವ ಅನೇಕ ಕುಟುಂಬಗಳಿಗೆ ಈ ಮಾತು ಹೊಸದಲ್ಲ. ಅಲ್ಲಿ ಡಾಕ್ಟರು ಹೇಳುವ ಕಾರಣವೂ ಈಗೀಗ ಒಂದೇ ಥರ ಇರುತ್ತದೆ: 'ಈ ಬ್ಯಾಕ್ಟೀರಿಯಾಗೆ ಸಾಮಾನ್ಯ ಆಂಟಿಬಯಾಟಿಕ್ ಕೆಲಸ ಮಾಡ್ತಿಲ್ಲ.'

ಇಂಥ ಸೋಂಕಿಗೆ ಬ್ಯಾಕ್ಟೀರಿಯಾವನ್ನೇ ತಿಂದು ಬದುಕುವ ವೈರಸ್ಸನ್ನು ಮದ್ದಾಗಿ ಬಳಸಬಹುದು ಅನ್ನುವ ವಿಚಾರ ನೂರು ವರ್ಷ ಹಳೆಯದು. ಈಗ ಮತ್ತೆ ಚಾಲ್ತಿಗೆ ಬಂದಿದೆ. ಈ ವೈರಸ್ಸುಗಳ ಹೆಸರು ಬ್ಯಾಕ್ಟೀರಿಯೊಫೇಜ್, ಚಿಕ್ಕದಾಗಿ ಫೇಜ್. 'ಆಂಟಿಬಯಾಟಿಕ್ ಕಾಲ ಮುಗೀತು, ಇನ್ನು ಫೇಜ್ ಕಾಲ' ಅನ್ನುವ ವಾಟ್ಸ್‌ಆ್ಯಪ್ ಫಾರ್ವರ್ಡುಗಳೂ ಹರಿದಾಡುತ್ತಿವೆ. ಅದರಲ್ಲಿ ನಿಜ ಎಷ್ಟು? ಕರ್ನಾಟಕದಲ್ಲಿ ಏನು ಕೆಲಸ ಆಗಿದೆ? ಯಾದಗಿರಿಯಂಥ ಜಿಲ್ಲೆಗೆ ಇದು ಯಾವಾಗ, ಯಾವ ದಾರಿಯಲ್ಲಿ ಬರಬಹುದು? ಒಂದೊಂದಾಗಿ ನೋಡೋಣ.

ಫೇಜ್ ಅಂದರೆ ಏನು, ಹೇಗೆ ಕೊಲ್ಲುತ್ತದೆ?

ಫೇಜ್ ಒಂದು ವೈರಸ್. ಆದರೆ ಅದು ಮನುಷ್ಯರ, ದನಕರುಗಳ, ಗಿಡಗಳ ಜೀವಕೋಶಕ್ಕೆ ನುಗ್ಗಲಾರದು. ಅದರ ಬೇಟೆ ಬ್ಯಾಕ್ಟೀರಿಯಾ ಮಾತ್ರ. ಅತಿ ಹೆಚ್ಚು ಅಧ್ಯಯನವಾಗಿರುವ 'ಟಿ4' ಎಂಬ ಫೇಜ್‌ನ ಚಿತ್ರ ನೋಡಿದರೆ ಚಂದ್ರಯಾನದ ಲ್ಯಾಂಡರ್ ನೆನಪಾಗುತ್ತದೆ: ಮೇಲೆ ಒಂದು ತಲೆ, ಅದರೊಳಗೆ ಡಿಎನ್‌ಎ, ಕೆಳಗೆ ಕೊಳವೆಯಂಥ ಬಾಲ, ಬಾಲದ ತುದಿಗೆ ಕಾಲುಗಳಂಥ ಎಳೆಗಳು. ಅದು ಕೂರುವ ಬ್ಯಾಕ್ಟೀರಿಯಾದ ಉದ್ದಕ್ಕೆ ಹೋಲಿಸಿದರೆ ಸುಮಾರು ಹತ್ತರಲ್ಲಿ ಒಂದು ಪಾಲು.

ಆ ಕಾಲುಗಳು ಬ್ಯಾಕ್ಟೀರಿಯಾದ ಮೈಮೇಲೆ ತಮಗೆ ಹೊಂದುವ ಗುರುತನ್ನು ಹುಡುಕುತ್ತವೆ. ಬೀಗಕ್ಕೆ ತಕ್ಕ ಕೀಲಿ ಸಿಕ್ಕಂತೆ ಅದು ಹೊಂದಿದರೆ ಫೇಜ್ ತನ್ನ ಡಿಎನ್‌ಎಯನ್ನು ಒಳಗೆ ಚುಚ್ಚುತ್ತದೆ. ಅಲ್ಲಿಂದಾಚೆ ಬ್ಯಾಕ್ಟೀರಿಯಾ ತನ್ನ ಕೆಲಸ ಬಿಟ್ಟು ಫೇಜ್‌ನ ಪ್ರತಿಗಳನ್ನು ತಯಾರಿಸುವ ಕಾರ್ಖಾನೆಯಾಗುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ನೂರಕ್ಕೂ ಹೆಚ್ಚು ಹೊಸ ಫೇಜ್‌ಗಳು ತಯಾರಾಗಿ, ಒಂದು ಕಿಣ್ವದಿಂದ ಬ್ಯಾಕ್ಟೀರಿಯಾದ ಗೋಡೆ ಒಡೆದು ಹೊರಬರುತ್ತವೆ. ಅವು ಪಕ್ಕದ ಬ್ಯಾಕ್ಟೀರಿಯಾಗಳ ಮೇಲೆ ಬೀಳುತ್ತವೆ. ಬೇಟೆ ಇರುವವರೆಗೆ ಔಷಧ ತಾನೇ ಹೆಚ್ಚುತ್ತಾ ಹೋಗುತ್ತದೆ, ಬೇಟೆ ಮುಗಿದ ಮೇಲೆ ಕರಗುತ್ತದೆ. ಆಂಟಿಬಯಾಟಿಕ್‌ಗೆ ಈ ಗುಣ ಇಲ್ಲ.

ಇವು ಸಿಗುವುದೆಲ್ಲಿ? ಬ್ಯಾಕ್ಟೀರಿಯಾ ಇರುವ ಕಡೆಯಲ್ಲೆಲ್ಲ. ಭೂಮಿಯ ಮೇಲೆ ಒಟ್ಟು ಫೇಜ್‌ಗಳ ಸಂಖ್ಯೆ 1ರ ಮುಂದೆ 31 ಸೊನ್ನೆ ಬರೆದಷ್ಟು ಎಂದು ವಿಜ್ಞಾನಿಗಳ ಅಂದಾಜು. ಕೆರೆ, ಕಾಲುವೆ, ಮಣ್ಣು, ಸಗಣಿ, ನಮ್ಮ ಕರುಳು, ಎಲ್ಲಕ್ಕಿಂತ ಹೆಚ್ಚಾಗಿ ಚರಂಡಿ. ಆಸ್ಪತ್ರೆಯ ಕೊಳಚೆ ನೀರನ್ನು, ಬ್ಯಾಕ್ಟೀರಿಯಾವನ್ನು ತಡೆದು ಫೇಜ್ ಮಾತ್ರ ಬಿಡುವಷ್ಟು ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸುತ್ತಾರೆ. ರೋಗಿಯ ಮೈಯಿಂದ ತೆಗೆದ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಹುಲ್ಲುಹಾಸಿನಂತೆ ಬೆಳೆಸಿ ಅದರ ಮೇಲೆ ಈ ಸೋಸಿದ ನೀರಿನ ಹನಿ ಬಿಡುತ್ತಾರೆ. ಮರುದಿನ ಆ ಹಾಸಿನಲ್ಲಿ ತಿಳಿಯಾದ ರಂಧ್ರ ಕಂಡರೆ ಅಲ್ಲಿ ಆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್ ಸಿಕ್ಕಿತು ಎಂದರ್ಥ. ಈ ತಟ್ಟೆಯನ್ನು ನೆನಪಿಟ್ಟುಕೊಳ್ಳಿ. ಯಾದಗಿರಿಯ ಪ್ರಶ್ನೆ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಆಂಟಿಬಯಾಟಿಕ್ ಸೋಲುತ್ತಿರುವುದು ಎಲ್ಲಿ?

2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಜಾಗತಿಕ ಅಧ್ಯಯನದ ಪ್ರಕಾರ, 2019ರ ಒಂದೇ ವರ್ಷದಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಸುಮಾರು 12.7 ಲಕ್ಷ ಜನ ಸತ್ತಿದ್ದಾರೆ. ಆಸ್ಪತ್ರೆ ಐಸಿಯುಗಳಲ್ಲಿ ಕಾಡುವ ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಹತ್ತು ಮಾದರಿಗಳಲ್ಲಿ ಎಂಟಕ್ಕೂ ಹೆಚ್ಚು, ಕೊನೆಯ ಅಸ್ತ್ರ ಎನಿಸಿದ್ದ ಕಾರ್ಬಪೆನೆಮ್ ಔಷಧಗಳಿಗೂ ಬಗ್ಗುತ್ತಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇತ್ತೀಚಿನ ವರ್ಷಗಳ ವರದಿಗಳು ಹೇಳುತ್ತವೆ. ಈ ವರದಿಗಳಿಗೆ ಮಾಹಿತಿ ಬರುವುದು ಹೆಚ್ಚಾಗಿ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳಿಂದ. ಪರೀಕ್ಷೆ ಕಡಿಮೆ ಇರುವ ಕಡೆ ರೋಗ ಕಡಿಮೆ ಇದ್ದಂತೆ ಕಾಣುತ್ತದೆ, ಅಷ್ಟೇ.

ಜಿಲ್ಲೆಯ ಮಟ್ಟದಲ್ಲಿ ನಿರೋಧಕತೆ ಬೆಳೆಯುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಔಷಧಿ ಅಂಗಡಿ ಮತ್ತು ಆರ್‌ಎಂಪಿ ಕ್ಲಿನಿಕ್. 'ಅಣ್ಣಾ, ಜ್ವರಕ್ಕೊಂದು ಗುಳಿಗಿ ಕೊಡು' ಎಂದರೆ ಚೀಟಿ ಇಲ್ಲದೆಯೇ ಎರಡು ದಿನದ ಆಂಟಿಬಯಾಟಿಕ್ ಕೈಗೆ ಬರುತ್ತದೆ. ವೈರಲ್ ಜ್ವರಕ್ಕೆ ಅದು ಕೆಲಸಕ್ಕೆ ಬಾರದು. ಬ್ಯಾಕ್ಟೀರಿಯಾದ ಜ್ವರಕ್ಕೆ ಅರ್ಧ ಡೋಸ್ ಆದರೆ, ಗಟ್ಟಿ ಬ್ಯಾಕ್ಟೀರಿಯಾಗಳು ಉಳಿದು ಬೆಳೆಯುತ್ತವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ 'ಎಚ್1' ಪಟ್ಟಿಯ ನಿಯಮದಂತೆ ಮುಖ್ಯ ಆಂಟಿಬಯಾಟಿಕ್‌ಗಳನ್ನು ಮಾರುವಾಗ ಅಂಗಡಿಯವರು ಬರೆದುಕೊಟ್ಟ ವೈದ್ಯರ, ರೋಗಿಯ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಿಮ್ಮೂರಿನ ಅಂಗಡಿಯಲ್ಲಿ ಆ ಪುಸ್ತಕ ಯಾವಾಗಾದ್ರೂ ನೋಡಿದ್ದೀರಾ?

ಎರಡನೆಯದು ಹೊಲ ಮತ್ತು ಕೊಟ್ಟಿಗೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರ ಭಾಗದಲ್ಲಿ ಭತ್ತ ಹಬ್ಬಿತು. ಭತ್ತಕ್ಕೆ ದುಂಡಾಣು ಅಂಗಮಾರಿ ರೋಗ ಬಂದರೆ ಸಿಂಪಡಿಸುವ 'ಸ್ಟ್ರೆಪ್ಟೋಸೈಕ್ಲಿನ್' ಪುಡಿ ನಿಜಕ್ಕೂ ಆಂಟಿಬಯಾಟಿಕ್. ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಗುಂಪಿನ ಮಿಶ್ರಣ. ಸ್ಟ್ರೆಪ್ಟೋಮೈಸಿನ್ ಮನುಷ್ಯರ ಕ್ಷಯಕ್ಕೆ ಬಳಸಿದ ಮೊದಲ ಆಂಟಿಬಯಾಟಿಕ್ ಕೂಡ ಹೌದು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಈ ಮಿಶ್ರಣದ ಕೃಷಿ ಬಳಕೆಯನ್ನು 2024ರ ಜನವರಿ 1ರಿಂದ ಪೂರ್ತಿ ನಿಲ್ಲಿಸುವ ಕರಡು ಆದೇಶ ಹೊರಡಿಸಿತ್ತು. ಕೊಟ್ಟಿಗೆಯಲ್ಲಿ ಕೆಚ್ಚಲು ಬಾವಿಗೆ ಕೊಡುವ ಇಂಜೆಕ್ಷನ್ನು, ಕೋಳಿ ಫಾರಂಗಳ ಮೇವಿನಲ್ಲಿ ಬೆರೆಸುವ ಔಷಧ ಇನ್ನೊಂದು ಕತೆ. ಮನುಷ್ಯರ ಕೊನೆಯ ಅಸ್ತ್ರಗಳಲ್ಲಿ ಒಂದಾದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು 2019ರಲ್ಲಿ ಕೇಂದ್ರ ನಿಷೇಧಿಸಬೇಕಾಯಿತು.

ಮೂರನೆಯದು ಕಾರ್ಖಾನೆಯ ತ್ಯಾಜ್ಯ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಂಪನಿಗಳ ನೀರು ಸೇರುವ ಸಂಸ್ಕರಣಾ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತೆಂದು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಅದು ಆ ಗುಳಿಗೆ ನುಂಗಿದ ರೋಗಿಯ ರಕ್ತದಲ್ಲಿರುವುದಕ್ಕಿಂತಲೂ ಹೆಚ್ಚು. ಯಾದಗಿರಿ ತಾಲ್ಲೂಕಿನ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೂ ಔಷಧ ಮತ್ತು ರಾಸಾಯನಿಕ ಘಟಕಗಳು ಬಂದಿವೆ, ದುರ್ವಾಸನೆ ಮತ್ತು ತ್ಯಾಜ್ಯದ ಬಗ್ಗೆ ಸುತ್ತಲ ಹಳ್ಳಿಯವರು ದನಿ ಎತ್ತಿದ್ದಾರೆ. ಪಟಾನ್‌ಚೆರುವಿನದ್ದೇ ಇಲ್ಲೂ ಆಗಿದೆ ಎಂದು ಪರೀಕ್ಷೆ ಇಲ್ಲದೆ ಹೇಳುವುದು ತಪ್ಪು. ಆದರೆ ಪರೀಕ್ಷಿಸಲೇಬೇಕೆಂಬ ಕಟ್ಟುಪಾಡೂ ಸಡಿಲ: ಔಷಧ ಕಾರ್ಖಾನೆಗಳ ನೀರಿನಲ್ಲಿ ಆಂಟಿಬಯಾಟಿಕ್ ಎಷ್ಟಿರಬಹುದು ಎಂಬ ಮಿತಿಯನ್ನು 2020ರ ಕರಡಿನಲ್ಲಿ ಹಾಕಿದ್ದ ಕೇಂದ್ರ ಪರಿಸರ ಸಚಿವಾಲಯ, 2021ರ ಅಂತಿಮ ಅಧಿಸೂಚನೆಯಲ್ಲಿ ಅದನ್ನು ಕೈಬಿಟ್ಟಿತು.

ಭಾರತದ ನೀರಲ್ಲೇ ಶುರುವಾದ ಕತೆ

1896ರಲ್ಲಿ ಆಗ್ರಾದ ಸರ್ಕಾರಿ ಪ್ರಯೋಗಾಲಯದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್, ಗಂಗಾ ಮತ್ತು ಯಮುನಾ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ, ಅದೇ ನೀರನ್ನು ಕುದಿಸಿದರೆ ಆ ಶಕ್ತಿ ಹೋಗುತ್ತದೆ ಎಂದು ಬರೆದರು. ಕಾರಣ ಏನೆಂದು ಆಗ ತಿಳಿದಿರಲಿಲ್ಲ. 1915ರಲ್ಲಿ ಬ್ರಿಟನ್ನಿನ ಫ್ರೆಡ್ರಿಕ್ ಟ್ವಾರ್ಟ್, 1917ರಲ್ಲಿ ಪ್ಯಾರಿಸ್‌ನ ಫೆಲಿಕ್ಸ್ ಡಿ'ಹೆರೆಲ್ ಪ್ರತ್ಯೇಕವಾಗಿ ಫೇಜ್‌ಗಳನ್ನು ಗುರುತಿಸಿದರು. 'ಬ್ಯಾಕ್ಟೀರಿಯೊಫೇಜ್' ಎಂಬ ಹೆಸರಿಟ್ಟದ್ದು ಡಿ'ಹೆರೆಲ್. ಅವರು 1920ರ ದಶಕದ ಕೊನೆಗೆ ಭಾರತಕ್ಕೆ ಬಂದು ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟು ನೋಡಿದರು. ಆಮೇಲೆ ಅಸ್ಸಾಮಿನಲ್ಲಿ, ಪಟ್ನಾದಲ್ಲಿ ದೊಡ್ಡ ಮಟ್ಟದ ಪ್ರಯೋಗಗಳು ನಡೆದವು.

ಆದರೆ ಆ ಕಾಲದ ಪ್ರಯೋಗಗಳಲ್ಲಿ ಹೋಲಿಕೆಗೆ ಸರಿಯಾದ ಗುಂಪು ಇರುತ್ತಿರಲಿಲ್ಲ, ಸೀಸೆಯಲ್ಲಿ ಎಷ್ಟು ಫೇಜ್ ಇದೆ ಎಂಬ ಖಾತ್ರಿಯೂ ಇರುತ್ತಿರಲಿಲ್ಲ. 1940ರ ದಶಕದಲ್ಲಿ ಪೆನಿಸಿಲಿನ್ ಬಂತು. ಒಂದೇ ಮದ್ದಿಗೆ ಹತ್ತು ಥರದ ಬ್ಯಾಕ್ಟೀರಿಯಾ ಸಾಯುವಾಗ, ಒಂದೊಂದಕ್ಕೂ ಬೇರೆ ಫೇಜ್ ಹುಡುಕುವ ತಾಪತ್ರಯ ಯಾರಿಗೆ ಬೇಕು? ಪಶ್ಚಿಮ ದೇಶಗಳು ಇದನ್ನು ಮರೆತವು. 1923ರಲ್ಲಿ ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಶುರುವಾದ ಎಲಿಯಾವ ಸಂಸ್ಥೆಯಂಥ ಕೆಲವು ಕಡೆ ಮಾತ್ರ ಫೇಜ್ ಮದ್ದು ಬಿಡದೆ ಮುಂದುವರಿಯಿತು. ಈಗಲೂ ಬೇರೆ ದೇಶಗಳ ರೋಗಿಗಳು ಅಲ್ಲಿಗೆ ಹೋಗುತ್ತಾರೆ.

ಗಂಗೆಯ ವಿಚಾರ ಬಂದಿದ್ದರಿಂದ ಒಂದು ಎಚ್ಚರಿಕೆ. ಗಂಗೆಯಲ್ಲಿ ಫೇಜ್ ಇದೆ ಎಂಬುದನ್ನು ನೀರು ಪವಿತ್ರ, ಶುದ್ಧ ಎಂಬುದಕ್ಕೆ ಸಾಕ್ಷಿಯಾಗಿ ಬಳಸುವವರಿದ್ದಾರೆ. ಒಂದು ಬ್ಯಾಕ್ಟೀರಿಯಾದ ಫೇಜ್ ನೀರಲ್ಲಿ ಹೇರಳವಾಗಿದೆ ಅಂದರೆ, ಅದರ ಆಹಾರವಾದ ಆ ಬ್ಯಾಕ್ಟೀರಿಯಾವೂ ಅಲ್ಲಿ ಹೇರಳವಾಗಿತ್ತು ಎಂದರ್ಥ. ಭೀಮಾ, ಕೃಷ್ಣಾ ನದಿಗಳಿಗೂ ಇದೇ ಮಾತು. ಹೊಳೆಯ ನೀರು ಕುಡಿಯುವುದು ಫೇಜ್ ಚಿಕಿತ್ಸೆಯಲ್ಲ, ವಾಂತಿ-ಭೇದಿಗೆ ಆಹ್ವಾನ.

ಕರ್ನಾಟಕದಲ್ಲಿ ಆದ ಕೆಲಸ

ನಮ್ಮ ರಾಜ್ಯದಲ್ಲಿ ಫೇಜ್ ಕೆಲಸ ಗಟ್ಟಿಯಾಗಿ ಆಗಿರುವುದು ಎರಡು ಕಡೆ. ಒಂದು ಮಂಗಳೂರಿನ ಮೀನುಗಾರಿಕಾ ಕಾಲೇಜು. ಸಿಗಡಿ ಮರಿ ಬೆಳೆಸುವ ತೊಟ್ಟಿಗಳಲ್ಲಿ ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾ ಬಂದರೆ ರಾತ್ರಿ ನೀರು ಹೊಳೆಯುತ್ತದೆ, ಮರಿಗಳು ರಾಶಿರಾಶಿಯಾಗಿ ಸಾಯುತ್ತವೆ. ಆಂಟಿಬಯಾಟಿಕ್ ಸುರಿದು ಸುರಿದು ಅದೂ ನಿರೋಧಕವಾಗಿತ್ತು. ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು ಈ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್‌ಗಳನ್ನು ಹುಡುಕಿ ತೆಗೆದು, ತೊಟ್ಟಿಗಳಲ್ಲಿ ಬಳಸಿ ನೋಡಿದರು. 2006 ಮತ್ತು 2007ರಲ್ಲಿ ಪ್ರಕಟವಾದ ಫಲಿತಾಂಶ: ಆಂಟಿಬಯಾಟಿಕ್ ಹಾಕಿದ ತೊಟ್ಟಿಗಿಂತ ಫೇಜ್ ಹಾಕಿದ ತೊಟ್ಟಿಯಲ್ಲಿ ಹೆಚ್ಚು ಮರಿಗಳು ಬದುಕಿದವು.

ಇನ್ನೊಂದು ಬೆಂಗಳೂರಿನ ಗಂಗಾಜೆನ್ ಕಂಪನಿ. ಔಷಧ ಸಂಶೋಧನೆಯಲ್ಲಿ ಹೆಸರು ಮಾಡಿದ್ದ ಜೆ. ರಾಮಚಂದ್ರನ್ 2000ದಲ್ಲಿ ಇದನ್ನು ಕಟ್ಟಿದರು. ಇಡೀ ಫೇಜ್ ಬಳಸುವ ಬದಲು, ಫೇಜ್ ಬ್ಯಾಕ್ಟೀರಿಯಾದ ಗೋಡೆ ಕೊರೆಯಲು ಬಳಸುವ ಕಿಣ್ವವನ್ನೇ ಬೇರ್ಪಡಿಸಿ ಮದ್ದು ಮಾಡುವ ದಾರಿಯನ್ನೂ ಅವರು ಹಿಡಿದರು. 'ಪಿ128' ಎಂಬ ಅವರ ಪ್ರೋಟೀನಿನಲ್ಲಿ ಒಂದು ಭಾಗ ಫೇಜ್ ಬಾಲದಿಂದ ಬಂದ ಕತ್ತರಿ. ಇನ್ನೊಂದು ಭಾಗ ಸ್ಟೆಫಿಲೊಕಾಕಸ್‌ನ ಗೋಡೆಗೆ ಅಂಟಿಕೊಳ್ಳುವ ಕೊಕ್ಕೆ. ಕುರು, ಗಾಯದ ಕೀವಿನಿಂದ ಹಿಡಿದು ರಕ್ತದ ಸೋಂಕಿನವರೆಗೆ ಕಾಡುವ, ಔಷಧ ನಿರೋಧಕವಾದ ಸ್ಟೆಫಿಲೊಕಾಕಸ್ ಇದರ ಗುರಿ. ಕಿಣ್ವ ತಾನಾಗಿ ಹೆಚ್ಚಲಾರದು, ಆದರೆ ಮಾಮೂಲಿ ಔಷಧದಂತೆ ಅಳತೆ ಮಾಡಿ ತಯಾರಿಸಬಹುದು ಅನ್ನುವುದು ಇದರ ಅನುಕೂಲ. ಮನುಷ್ಯರ ಮೇಲಿನ ಆರಂಭಿಕ ಪರೀಕ್ಷೆಯ ಹಂತಕ್ಕೂ ಇದು ಹೋಯಿತು. ಔಷಧಿ ಅಂಗಡಿಗೆ ಇನ್ನೂ ಬಂದಿಲ್ಲ.

ರೋಗಿಗಳ ಮೇಲೆ ಏನು ಗೊತ್ತಾಗಿದೆ?

ಜಗತ್ತು ಫೇಜ್ ಕಡೆ ಮತ್ತೆ ತಿರುಗಿದ್ದು 2016ರ ಒಂದು ಘಟನೆಯಿಂದ. ಅಮೆರಿಕದ ಪ್ರಾಧ್ಯಾಪಕ ಟಾಮ್ ಪ್ಯಾಟರ್ಸನ್ ಈಜಿಪ್ಟ್ ಪ್ರವಾಸದಲ್ಲಿ ಕಾಯಿಲೆ ಬಿದ್ದು, ಯಾವ ಔಷಧಕ್ಕೂ ಬಗ್ಗದ ಅಸಿನೆಟೋಬ್ಯಾಕ್ಟರ್ ಸೋಂಕಿನಿಂದ ಕೋಮಾಕ್ಕೆ ಹೋಗಿದ್ದರು. ಅವರ ಹೆಂಡತಿ, ಸಾಂಕ್ರಾಮಿಕ ರೋಗ ತಜ್ಞೆ ಸ್ಟೆಫನಿ ಸ್ಟ್ರಾಥ್‌ಡೀ ಸಿಕ್ಕ ಸಿಕ್ಕ ಸಂಶೋಧಕರಿಗೆ ಬರೆದು ಹೊಂದುವ ಫೇಜ್‌ಗಳನ್ನು ಹುಡುಕಿಸಿದರು. ಸ್ಯಾನ್ ಡಿಯಾಗೊದ ಆಸ್ಪತ್ರೆಯಲ್ಲಿ ಅದನ್ನು ರಕ್ತನಾಳಕ್ಕೆ ಕೊಡಲಾಯಿತು, ಪ್ಯಾಟರ್ಸನ್ ಬದುಕಿದರು. 2019ರಲ್ಲಿ ಲಂಡನ್ನಿನಲ್ಲಿ ಶ್ವಾಸಕೋಶ ಕಸಿಯಾಗಿದ್ದ 15 ವರ್ಷದ ಹುಡುಗಿಯ ಸೋಂಕಿಗೆ ಮೂರು ಫೇಜ್‌ಗಳ ಮಿಶ್ರಣ ಕೊಟ್ಟ ವರದಿ ಬಂತು. ಅದರಲ್ಲಿ ಒಂದು ಫೇಜ್ ಸಿಕ್ಕಿದ್ದು ದಕ್ಷಿಣ ಆಫ್ರಿಕಾದಲ್ಲಿ, ಕೊಳೆತ ಬದನೆಕಾಯಿಯಲ್ಲಿ! ಸೋಂಕು ಪೂರ್ತಿ ಹೋಗಲಿಲ್ಲ, ಆದರೆ ಹುಡುಗಿ ಚೇತರಿಸಿಕೊಂಡು ಮನೆಗೆ ಹೋದಳು.

ನಮ್ಮ ಜಿಲ್ಲೆಗೆ ಹೆಚ್ಚು ಹತ್ತಿರದ ಉದಾಹರಣೆ ವಾರಾಣಸಿಯದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಗೋಪಾಲ್ ನಾಥ್ ಮತ್ತು ಸಂಗಡಿಗರು, ಎಷ್ಟು ಔಷಧ ಕೊಟ್ಟರೂ ಮಾಗದ ಹಳೆಯ ಗಾಯಗಳಿದ್ದ 20 ರೋಗಿಗಳಿಗೆ ದಿನ ಬಿಟ್ಟು ದಿನ ಫೇಜ್ ಮಿಶ್ರಣ ಹಚ್ಚಿದರು. ಮೂರರಿಂದ ಐದು ಸಲ ಹಚ್ಚುವಷ್ಟರಲ್ಲಿ ಗಾಯದಲ್ಲಿ ಸೋಂಕಿನ ಲಕ್ಷಣ ಇಲ್ಲವಾಯಿತು, 21ನೇ ದಿನಕ್ಕೆ 7 ಜನರ ಗಾಯ ಪೂರ್ತಿ ಮಾಗಿತ್ತು ಎಂದು 2019ರಲ್ಲಿ ವರದಿ ಮಾಡಿದರು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವವರು ಊರೂರಲ್ಲಿರುವಾಗ ಇದು ಸಣ್ಣ ಸುದ್ದಿ ಅಲ್ಲ. ಆದರೆ ಹೋಲಿಕೆಗೆ ಬೇರೆ ಗುಂಪಿಲ್ಲದ, 20 ಜನರ ಅಧ್ಯಯನ ಇದು ಎಂಬುದನ್ನೂ ಮರೆಯುವಂತಿಲ್ಲ.

ಬೆಲ್ಜಿಯಂ ತಂಡವೊಂದು 12 ದೇಶಗಳ 100 ರೋಗಿಗಳ ದಾಖಲೆಯನ್ನು 2024ರಲ್ಲಿ ಪ್ರಕಟಿಸಿತು. ಶೇ. 77ರಷ್ಟು ಸೋಂಕುಗಳಲ್ಲಿ ಸುಧಾರಣೆ, ಶೇ. 61ರಷ್ಟರಲ್ಲಿ ಗುರಿಯಿಟ್ಟ ಬ್ಯಾಕ್ಟೀರಿಯಾ ನಿರ್ಮೂಲ. ಅದರಲ್ಲಿ ಇನ್ನೊಂದು ಮುಖ್ಯ ವಿಷಯವಿದೆ: ಜೊತೆಗೆ ಆಂಟಿಬಯಾಟಿಕ್ ಕೊಡದೇ ಇದ್ದಾಗ ನಿರ್ಮೂಲವಾಗುವ ಸಾಧ್ಯತೆ ಶೇ. 70ರಷ್ಟು ಕಡಿಮೆ ಇತ್ತು. ಅಂದರೆ ಫೇಜ್ ಬಂದರೂ ಆಂಟಿಬಯಾಟಿಕ್‌ನ ಕೆಲಸ ಮುಗಿಯುವುದಿಲ್ಲ. ಎರಡೂ ಜೋಡೆತ್ತು.

ಸೋತ ಪ್ರಯೋಗಗಳೂ ಇವೆ. ಸುಟ್ಟ ಗಾಯದ ಸೋಂಕಿಗೆ ಫ್ರಾನ್ಸ್, ಬೆಲ್ಜಿಯಂನಲ್ಲಿ ನಡೆದ 'ಫೇಗೊಬರ್ನ್' ಪ್ರಯೋಗದಲ್ಲಿ ಮಾಮೂಲಿ ಬೆಳ್ಳಿ ಅಂಶದ ಮುಲಾಮೇ ಬೇಗ ಕೆಲಸ ಮಾಡಿತು. ಕಾರಣ ಹುಡುಕಿದಾಗ, ತಯಾರಿಸಿಟ್ಟ ಫೇಜ್ ಇಟ್ಟಲ್ಲೇ ಶಕ್ತಿ ಕಳೆದುಕೊಂಡು, ರೋಗಿಗೆ ತಲುಪಿದ್ದು ಅಂದುಕೊಂಡಿದ್ದಕ್ಕಿಂತ ತೀರಾ ಕಡಿಮೆ ಡೋಸ್ ಎಂದು ಗೊತ್ತಾಯಿತು. ಬೇಸಿಗೆಯಲ್ಲಿ 42-43 ಡಿಗ್ರಿ ಮುಟ್ಟುವ, ಕರೆಂಟ್ ಕೈಕೊಡುವ ನಮ್ಮ ಭಾಗಕ್ಕೆ ಈ ಪಾಠ ಇನ್ನೂ ಹತ್ತಿರದ್ದು.

ತೊಡಕುಗಳು ಎಲ್ಲಿವೆ?

* ಒಂದು ಫೇಜ್ ಒಂದು ಜಾತಿಯ ಬ್ಯಾಕ್ಟೀರಿಯಾದಲ್ಲೂ ಕೆಲವು ತಳಿಗಳನ್ನಷ್ಟೇ ಕೊಲ್ಲುತ್ತದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಉಳಿಯುವುದು ಇದರ ಲಾಭ. ಅಂದಾಜಿನ ಮೇಲೆ ಕೊಡಲಾಗದು ಅನ್ನುವುದು ನಷ್ಟ.

* ಎಲ್ಲ ಫೇಜ್‌ಗಳೂ ಕೊಲ್ಲುವುದಿಲ್ಲ. ಕೆಲವು ಬ್ಯಾಕ್ಟೀರಿಯಾದ ಡಿಎನ್‌ಎಯೊಳಗೇ ಮನೆ ಮಾಡಿಕೊಂಡು ಅದಕ್ಕೆ ಹೊಸ ವಿಷ ಕಲಿಸುತ್ತವೆ. ಕಾಲರಾದ ವಿಷವನ್ನು ತಯಾರಿಸುವ ಜೀನು ಬ್ಯಾಕ್ಟೀರಿಯಾಗೆ ಬಂದಿದ್ದೇ ಒಂದು ಫೇಜ್‌ನಿಂದ ಎಂದು 1996ರಲ್ಲಿ ಗೊತ್ತಾಯಿತು. ಹಾಗಾಗಿ ಸಿಕ್ಕ ಫೇಜ್‌ನ ಜೀನುಗಳನ್ನು ಓದಿ ನೋಡದೆ ಮದ್ದು ಮಾಡುವಂತಿಲ್ಲ.

* ಬ್ಯಾಕ್ಟೀರಿಯಾ ಫೇಜ್‌ಗೂ ನಿರೋಧಕವಾಗುತ್ತದೆ. ಅದಕ್ಕೇ ಹಲವು ಫೇಜ್ ಬೆರೆಸಿ ಕೊಡುತ್ತಾರೆ. ಕೆಲವೊಮ್ಮೆ ಇದೇ ಅನುಕೂಲವಾಗುವುದೂ ಉಂಟು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಕೊಳವೊಂದರಲ್ಲಿ ಕಂಡುಕೊಂಡ ಫೇಜ್, ಸೂಡೊಮೊನಸ್ ಬ್ಯಾಕ್ಟೀರಿಯಾ ಆಂಟಿಬಯಾಟಿಕ್ಕನ್ನು ಹೊರದೂಡಲು ಬಳಸುವ ಪಂಪಿಗೇ ಅಂಟಿಕೊಳ್ಳುತ್ತದೆ. ಫೇಜ್‌ನಿಂದ ತಪ್ಪಿಸಿಕೊಳ್ಳಲು ಪಂಪನ್ನು ಬದಲಿಸಿಕೊಂಡರೆ ಬ್ಯಾಕ್ಟೀರಿಯಾ ಹಳೆಯ ಆಂಟಿಬಯಾಟಿಕ್‌ಗೆ ಮತ್ತೆ ಬಗ್ಗುತ್ತದೆ.

* ಫೇಜ್ ಬೆಳೆಸುವುದು ಬ್ಯಾಕ್ಟೀರಿಯಾದ ಮೇಲೆಯೇ ಆದ್ದರಿಂದ, ಸತ್ತ ಬ್ಯಾಕ್ಟೀರಿಯಾದ ವಿಷವನ್ನು ಪೂರ್ತಿ ತೆಗೆಯದೆ ರಕ್ತಕ್ಕೆ ಕೊಟ್ಟರೆ ಜೀವಕ್ಕೇ ಅಪಾಯ.

* ಭಾರತದಲ್ಲಿ ರೋಗಿಗಳ ಚಿಕಿತ್ಸೆಗೆ ಅನುಮೋದನೆ ಪಡೆದು ಮಾರಾಟದಲ್ಲಿರುವ ಫೇಜ್ ಔಷಧ ಇಲ್ಲ. ಆದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ, ಜೀವಕ್ಕೆ ಅಪಾಯವಿರುವ ರೋಗಿಗಾಗಿ ಅನುಮೋದನೆಯಾಗದ ಔಷಧವನ್ನು ತರಿಸಲು ಸರ್ಕಾರಿ ಆಸ್ಪತ್ರೆ ಅಥವಾ ವೈದ್ಯಕೀಯ ಸಂಸ್ಥೆ ಅನುಮತಿ ಕೇಳುವ ಅವಕಾಶವಿದೆ. ಬೆಲ್ಜಿಯಂ 2018ರಿಂದ, ವೈದ್ಯರ ಚೀಟಿಯ ಮೇಲೆ ಒಬ್ಬೊಬ್ಬ ರೋಗಿಗೂ ಔಷಧಾಲಯದಲ್ಲೇ ಫೇಜ್ ಮದ್ದು ತಯಾರಿಸಿ ಕೊಡುವ ವ್ಯವಸ್ಥೆ ಮಾಡಿಕೊಂಡಿದೆ.

ಆಸ್ಪತ್ರೆಗಿಂತ ಮುಂಚೆ ಗದ್ದೆಗೆ ಬರಬಹುದೇ?

ಬರಬಹುದು. ಗಿಡದ ಮೇಲೆ ಸಿಂಪಡಿಸುವ ಫೇಜ್‌ಗೆ ರಕ್ತಕ್ಕೆ ಕೊಡುವಷ್ಟು ಶುದ್ಧೀಕರಣ ಬೇಡ. ಟೊಮೆಟೊ, ಮೆಣಸಿನಕಾಯಿಯ ದುಂಡಾಣು ಚುಕ್ಕೆ ರೋಗಕ್ಕೆ ಅಮೆರಿಕದಲ್ಲಿ 2005ರಲ್ಲೇ ಫೇಜ್ ಉತ್ಪನ್ನಕ್ಕೆ ಒಪ್ಪಿಗೆ ಸಿಕ್ಕಿತು. 2006ರಲ್ಲಿ ಆಹಾರದಲ್ಲಿನ ಲಿಸ್ಟೀರಿಯಾ ಬ್ಯಾಕ್ಟೀರಿಯಾ ತಡೆಯಲೂ ಫೇಜ್ ಬಳಸಲು ಅನುಮತಿ ದೊರೆಯಿತು. ಭತ್ತದ ಅಂಗಮಾರಿಯ ಬ್ಯಾಕ್ಟೀರಿಯಾಗೂ ಫೇಜ್‌ಗಳಿವೆ. ಜಪಾನಿನಲ್ಲಿ ದಶಕಗಳ ಹಿಂದೆಯೇ, ಗದ್ದೆಯ ನೀರಿನಲ್ಲಿ ಆ ಫೇಜ್‌ಗಳ ಸಂಖ್ಯೆ ಎಣಿಸಿ, ಅದು ಏರಿದರೆ ರೋಗ ಬರಲಿದೆ ಎಂದು ಮುನ್ಸೂಚನೆ ಕೊಡುತ್ತಿದ್ದರು.

ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ, ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಎರಡೂ ರಾಯಚೂರು ಕೃಷಿ ವಿಶ್ವವಿದ್ಯಾಲಯದವು. ನಾರಾಯಣಪುರ ಎಡದಂಡೆ ಕಾಲುವೆಯ ಗದ್ದೆಗಳಿಂದ ಅಂಗಮಾರಿಯ ಬ್ಯಾಕ್ಟೀರಿಯಾ ಸಂಗ್ರಹಿಸಿ, ಸ್ಟ್ರೆಪ್ಟೋಸೈಕ್ಲಿನ್‌ಗೆ ಅದು ಇನ್ನೂ ಬಗ್ಗುತ್ತದೋ ಇಲ್ಲವೋ ನೋಡುವುದು, ಅದೇ ನೀರಿನಲ್ಲಿ ಅದರ ಫೇಜ್ ಹುಡುಕುವುದು ಕಾಲೇಜಿನ ಪ್ರಯೋಗಾಲಯಕ್ಕೆ ಎಟುಕುವ ಕೆಲಸವೇ. ಬಿಸಿಲಿಗೆ ಫೇಜ್ ಬೇಗ ಸಾಯುತ್ತದೆ, ಆದ್ದರಿಂದ ಸಂಜೆ ಸಿಂಪಡಿಸಬೇಕು. ನಮ್ಮ ಬಿಸಿಲಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದನ್ನು ಇಲ್ಲಿಯ ಗದ್ದೆಯಲ್ಲೇ ಅಳೆಯಬೇಕು. ಆಂಟಿಬಯಾಟಿಕ್ ಪುಡಿಯನ್ನು ನಿಲ್ಲಿಸಿ ಎಂದು ರೈತರಿಗೆ ಹೇಳುವ ಸರ್ಕಾರ, ಅದರ ಬದಲಿಗೆ ಏನು ಎಂಬುದಕ್ಕೂ ಉತ್ತರ ಕೊಡಬೇಕಲ್ಲವೇ?

ಯಾದಗಿರಿಗೆ ಮೊದಲು ಬೇಕಿರುವುದು

ಫೇಜ್ ಚಿಕಿತ್ಸೆಯ ಮೊದಲ ಹೆಜ್ಜೆ ಫೇಜ್ ಅಲ್ಲ. ರೋಗಿಯ ಕೀವು, ಮೂತ್ರ, ರಕ್ತದಲ್ಲಿರುವ ಬ್ಯಾಕ್ಟೀರಿಯಾ ಯಾವುದು ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ. ಬ್ಯಾಕ್ಟೀರಿಯಾ ಕೈಗೆ ಸಿಗದೆ ಅದಕ್ಕೆ ಹೊಂದುವ ಫೇಜ್ ಹುಡುಕಲು ಸಾಧ್ಯವೇ ಇಲ್ಲ. ಯಾವ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ ಎಂದು ತಿಳಿಯಲು ಬೇಕಾಗುವುದೂ ಅದೇ ಗಾಜಿನ ತಟ್ಟೆ. ಸಾಮಾನ್ಯವಾಗಿ ಎರಡು-ಮೂರು ದಿನದಲ್ಲಿ ಉತ್ತರ ಬರುತ್ತದೆ. ಫೇಜ್ ಬರಲಿ ಬಿಡಲಿ, ಈ ಪರೀಕ್ಷೆ ಇವತ್ತೇ ಜೀವ ಉಳಿಸುತ್ತದೆ. ಕೆಲಸಕ್ಕೆ ಬಾರದ ದುಬಾರಿ ಇಂಜೆಕ್ಷನ್ ತಪ್ಪಿದರೆ ಸಾಲವೂ ತಪ್ಪುತ್ತದೆ.

2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾದ ಯಾದಗಿರಿ, ಆರೋಗ್ಯದ ವಿಷಯದಲ್ಲಿ ಬಹುಕಾಲ ಪಕ್ಕದ ಜಿಲ್ಲೆಗಳ ಕಡೆ ಮುಖ ಮಾಡಿಯೇ ಇತ್ತು. ಈಗ ಜಿಲ್ಲೆಗೆ ಸ್ವಂತ ಸರ್ಕಾರಿ ವೈದ್ಯಕೀಯ ಕಾಲೇಜು, ಯಿಮ್ಸ್ ಇದೆ. ವೈದ್ಯಕೀಯ ಕಾಲೇಜು ಅಂದ ಮೇಲೆ ಸೂಕ್ಷ್ಮಜೀವಿ ವಿಭಾಗ ಇರಲೇಬೇಕು. ಪ್ರಶ್ನೆ ಇರುವುದು ಆ ವಿಭಾಗದ ತಟ್ಟೆಗೆ ಶಹಾಪುರ, ಸುರಪುರದ ರೋಗಿಯ ಮಾದರಿ ತಲುಪುತ್ತದೆಯೇ ಎಂಬಲ್ಲಿ. ಶಹಾಪುರದಿಂದ ಯಾದಗಿರಿ ಒಂದು ಗಂಟೆಯ ಹಾದಿ, ಸುರಪುರದಿಂದ ಇನ್ನೂ ತುಸು ಹೆಚ್ಚು. ಮೂತ್ರದ ಮಾದರಿಯನ್ನು ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಇಲ್ಲ ತಣ್ಣಗಿಟ್ಟು ಅದೇ ದಿನ ಕಳಿಸಬೇಕು. ಒಂದು ಐಸ್ ಬಾಕ್ಸ್, ಒಂದು ದಿನದ ಟ್ರಿಪ್, ಫೋನಿಗೆ ಬರುವ ರಿಪೋರ್ಟ್. ಕ್ಷಯದ ಕಫದ ಮಾದರಿಗಳನ್ನು ಸಾಗಿಸುವ ಪದ್ಧತಿ ಆರೋಗ್ಯ ಇಲಾಖೆಗೆ ಗೊತ್ತೇ ಇದೆ, ಅದೇ ದಾರಿಯಲ್ಲಿ ಕೀವು, ಮೂತ್ರವೂ ಸಾಗಬಹುದು.

ಆಮೇಲಿನ ಹೆಜ್ಜೆ, ವರ್ಷಕ್ಕೊಮ್ಮೆ ಜಿಲ್ಲೆಯ ಪಟ್ಟಿ ಪ್ರಕಟಿಸುವುದು. ಯಾದಗಿರಿಯ ಮೂತ್ರಸೋಂಕಿಗೆ ಯಾವ ಗುಳಿಗೆ ಇನ್ನೂ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂಬ ಒಂದು ಪುಟ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲಿದ್ದರೆ ಅಂದಾಜಿನ ಚೀಟಿ ಕಡಿಮೆಯಾಗುತ್ತದೆ. ಪಕ್ಕದ ಕೇರಳ 2018ರಲ್ಲೇ ರಾಜ್ಯದ್ದೇ ಕ್ರಿಯಾ ಯೋಜನೆ ಮಾಡಿಕೊಂಡಿತು, 2024ರಲ್ಲಿ ಚೀಟಿ ಇಲ್ಲದೆ ಆಂಟಿಬಯಾಟಿಕ್ ಮಾರುವ ಅಂಗಡಿಗಳ ಮೇಲೆ 'ಆಪರೇಷನ್ ಅಮೃತ್' ನಡೆಸಿತು. ಹೀಗೆ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಎಸೆಯದೆ ಶೀತಲ ಪೆಟ್ಟಿಗೆಯಲ್ಲಿ ಕಾಪಿಟ್ಟರೆ, ನಾಳೆ ಬೆಂಗಳೂರಿನಲ್ಲೋ ವಾರಾಣಸಿಯಲ್ಲೋ ಫೇಜ್ ಸಂಗ್ರಹ ಸಿದ್ಧವಾದಾಗ ಯಾದಗಿರಿಯ ಬ್ಯಾಕ್ಟೀರಿಯಾಗೆ ಹೊಂದುವುದು ಯಾವುದು ಎಂದು ಹುಡುಕಲು ಸಾಧ್ಯ. ಇಲ್ಲದಿದ್ದರೆ ಫೇಜ್ ಮದ್ದು ಬಂದರೂ ಅದು ಮಹಾನಗರದ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ದುಡ್ಡಿದ್ದವರಿಗೆ ಮಾತ್ರ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು

* ಔಷಧದ ಪಟ್ಟಿಯ ಹಿಂದೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ. ಮನೆಯಲ್ಲಿ ಉಳಿದ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡಬೇಡಿ.

* ಮತ್ತೆ ಮತ್ತೆ ಬರುವ ಮೂತ್ರಸೋಂಕು, ಮಾಗದ ಗಾಯ, ಔಷಧಕ್ಕೆ ಇಳಿಯದ ಜ್ವರ ಇದ್ದರೆ 'ಸರ್, ಕಲ್ಚರ್ ಟೆಸ್ಟ್ ಮಾಡಿಸೋಣ್ವಾ?' ಎಂದು ಕೇಳಿ. ಸಾಧ್ಯವಾದರೆ ಹೊಸ ಆಂಟಿಬಯಾಟಿಕ್ ಶುರು ಮಾಡುವ ಮುಂಚೆಯೇ ಮಾದರಿ ಕೊಡಿ. ಆದರೆ ಸ್ಥಿತಿ ಗಂಭೀರವಾಗಿದ್ದರೆ ರಿಪೋರ್ಟಿಗೆ ಕಾಯುತ್ತಾ ಚಿಕಿತ್ಸೆ ತಡ ಮಾಡಬೇಡಿ.

* ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಡಿಸಿದ ಎಮ್ಮೆ, ಆಕಳ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಡೈರಿಗೆ ಹಾಕಬೇಡಿ, ಮನೆಯಲ್ಲೂ ಕುಡಿಯಬೇಡಿ.

* ಫೇಜ್ ಮದ್ದು ಎಂದು ಆನ್‌ಲೈನ್‌ನಲ್ಲಿ ಮಾರುವ ಸೀಸೆಗಳನ್ನು ನಂಬಿ ದುಡ್ಡು ಕಳೆದುಕೊಳ್ಳಬೇಡಿ. ನಿಮ್ಮ ಬ್ಯಾಕ್ಟೀರಿಯಾ ಯಾವುದೆಂದು ಕೇಳದೆ ಕೊಡುವ ಫೇಜ್ ಮದ್ದಾಗಲಾರದು.

* ಊರಿನ ಸಭೆಯಲ್ಲಿ, ಶಾಸಕರ ಮುಂದೆ, ಜಿಲ್ಲಾ ಪಂಚಾಯಿತಿ ಕೆಡಿಪಿ ಸಭೆಗೆ ಹೋಗುವವರ ಮುಂದೆ ಈ ಒಂದು ಪ್ರಶ್ನೆ ಇಡಿ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಕೀವಿನ ಮಾದರಿ ಎಲ್ಲಿಗೆ ಹೋಗುತ್ತದೆ, ರಿಪೋರ್ಟ್ ಎಷ್ಟು ದಿನಕ್ಕೆ ಬರುತ್ತದೆ?

ಹೊಸ ಕಟ್ಟಡ, ಹೊಸ ಆಂಬುಲೆನ್ಸ್ ಉದ್ಘಾಟನೆಗೆ ರಿಬ್ಬನ್ ಕತ್ತರಿಸಬಹುದು. ಕಲ್ಚರ್ ತಟ್ಟೆಗೆ ಯಾರೂ ರಿಬ್ಬನ್ ಕಟ್ಟುವುದಿಲ್ಲ. ಅದಕ್ಕೇ ಅದನ್ನು ಜನರೇ ಕೇಳಬೇಕು.